ಕಟಿಂಗ್ ಮಾಡುವಾಗ ಗ್ರೈಂಡರ್ ಜಿಗೀತು, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಿನ್ನೆ 4 ಇಂಚಿನ ಗ್ರೈಂಡರ್‌ನಲ್ಲಿ ಕಬ್ಬಿಣದ ಆಂಗಲ್ (L ಆಕಾರದ ಪಟ್ಟಿ) ಕತ್ತರಿಸ್ತಾ ಇದ್ದೆ. ಮುಕ್ಕಾಲು ಭಾಗ ಆಗಿತ್ತು, ಅಷ್ಟರಲ್ಲಿ ಆಂಗಲ್ ಬಗ್ಗಿ ಡಿಸ್ಕನ್ನ ಗಪ್ಪಂತ ಕಚ್ಚಿಕೊಳ್ತು. ಮಷೀನ್ ನನ್ನ ಕಡೆಗೇ ಜಿಗೀತು, ಡಿಸ್ಕ್ ಚೂರಾಯ್ತು. ಡಿಸ್ಕ್ ಸುತ್ತ ಇರೋ ಗಾರ್ಡ್ (ರಕ್ಷಣೆಯ ಕವಚ) ಒಳಗಡೆ ಉಗುರು ಸಿಕ್ಕುವಷ್ಟು ಆಳದ ಗೀರು ಬಿದ್ದಿದೆ. ಗಾರ್ಡ್ ಬಿಚ್ಚಿಟ್ಟಿದ್ರೆ ಆ ಚೂರು ಮುಖಕ್ಕೇ ಬರ್ತಿತ್ತು. ನೆನೆಸಿಕೊಂಡ್ರೆ ಈಗಲೂ ಕೈ ನಡುಗುತ್ತೆ.

ಡಿಸ್ಕ್ ಮೇಲೆ ಬರೆದಿರೋ ಗರಿಷ್ಠ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು) ಮಷೀನಿನದಕ್ಕಿಂತ ಹೆಚ್ಚಿದೆ, ನೋಡಿಯೇ ಹಾಕಿದ್ದೆ. ಕನ್ನಡಕ ಇತ್ತು, ಫೇಸ್ ಶೀಲ್ಡ್ ಇರಲಿಲ್ಲ. ಸೈಡ್ ಹ್ಯಾಂಡಲ್ ಬಿಚ್ಚಿಟ್ಟಿದ್ದೆ, ಅದು ನನ್ನದೇ ತಪ್ಪು.

ಅನುಭವ ಇರೋರು ಹೇಳಿ, ಉದ್ದದ ಆಂಗಲ್‌ಗೆ ಆಧಾರ ಎಲ್ಲಿ ಕೊಡ್ತೀರಿ? ನಾನು ಎರಡೂ ತುದಿಗೆ ಸ್ಟ್ಯಾಂಡ್ ಇಟ್ಟು ನಡುವೆ ಕತ್ತರಿಸಿದ್ದೆ. ಅದಕ್ಕೇ ನಡು ಕುಸಿದು ಕಚ್ಚಿಕೊಂಡಿತು ಅನ್ಸತ್ತೆ. ಒಂದು ಕಡೆ ಗಟ್ಟಿಯಾಗಿ ಕ್ಲ್ಯಾಂಪ್ ಮಾಡಿ, ಬೀಳೋ ತುಂಡನ್ನ ಹಾಗೇ ಬಿಟ್ರೆ ಸಾಕಾ?

ಇನ್ನೊಂದು, ಗ್ಲೌಸ್. ಸಡಿಲ ಇದ್ದು ಡಿಸ್ಕ್‌ಗೆ ಸಿಕ್ಕರೆ ಕೈಯನ್ನೇ ಎಳ್ಕೊಳ್ಳುತ್ತೆ. ಬರಿಗೈ ಅಂದ್ರೆ ಕಿಡಿ ಸುಡುತ್ತೆ. ನೀವು ಎಂಥದ್ದು ಹಾಕ್ತೀರಿ?

ಇನ್ನೂ ಹತ್ತು ತುಂಡು ಬಾಕಿ ಇವೆ. ನಿಮ್ಮ ಉತ್ತರ ಬರೋವರೆಗೂ ಪ್ಲಗ್ ಹಾಕಲ್ಲ.