ಮುಂಬೈನಿಂದ ಕ್ರೂಸ್: ಮಂಡಿನೋವಿನ ಅಪ್ಪ, ಎರಡೂವರೆ ವರ್ಷದ ಮಗು, ಹೊಸ ಜೋಡಿ. ಯಾರಿಗೆ ಯಾವುದು?

ಕೋಥ್ರೂಡ್ ಕನ್ನಡಿಗ (ಪುಣೆ) ಕೇಳಿದ್ದು:

ನಮಸ್ಕಾರ. ಮನೆಯಲ್ಲಿ ಕ್ರೂಸ್ ಹೋಗುವ ಮಾತು ಗಟ್ಟಿಯಾಗಿದೆ. ಒಂದೇ ಹಡಗು ಎಲ್ಲರಿಗೂ ಹೊಂದುತ್ತದಾ ಅನ್ನೋದು ಗೊತ್ತಾಗ್ತಿಲ್ಲ. ಒಟ್ಟು ಎಂಟು ಜನ. ಅಪ್ಪನಿಗೆ 72, ಮಂಡಿನೋವು, ಬಿಪಿ ಮಾತ್ರೆ ಇದೆ. ನಡೀತಾರೆ, ಮೆಟ್ಟಿಲು ಕಷ್ಟ. ಅಮ್ಮ ಈರುಳ್ಳಿ ಬೆಳ್ಳುಳ್ಳಿ ತಿನ್ನೋದಿಲ್ಲ. ನಾನು, ಹೆಂಡತಿ, 9 ವರ್ಷದ ಮಗಳು, ಎರಡೂವರೆ ವರ್ಷದ ಮಗ. ಜೊತೆಗೆ ತಮ್ಮ ಮತ್ತು ಅವನ ಹೆಂಡತಿ, ಮದುವೆಯಾಗಿ ಮೂರು ತಿಂಗಳು.

ನೋಡಿಟ್ಟಿರೋದು ಮೂರು: ಮುಂಬೈ–ಗೋವಾ–ಮುಂಬೈ, ಮುಂಬೈ–ಲಕ್ಷದ್ವೀಪ, ಇಲ್ಲವೇ ವಿಮಾನದಲ್ಲಿ ಸಿಂಗಪುರಕ್ಕೆ ಹೋಗಿ ಅಲ್ಲಿಂದ ಮೂರು-ನಾಲ್ಕು ರಾತ್ರಿಯ ಹಡಗು. ರಜೆ ಸಿಗೋದು ದೀಪಾವಳಿಗೆ ಅಥವಾ ಮೇ ತಿಂಗಳಲ್ಲಿ. ಯಾವುದು, ಯಾವಾಗ, ಯಾವ ಕೋಣೆ? ತಿಳಿದವರು ಬಿಡಿಸಿ ಹೇಳಿ.

ಡೊಂಬಿವಲಿ ಡೆಕ್ ಉತ್ತರ:

ಹಡಗಿನ ಹೆಸರು, ಈಜುಕೊಳ, ಶೋ ಎಲ್ಲ ಆಮೇಲೆ. ನಿಮ್ಮ ಮನೆಗೆ ಮೊದಲ ಪ್ರಶ್ನೆ ಒಂದೇ: ಹಡಗಿನಿಂದ ಇಳಿಯೋದು ಹೇಗೆ?

ಹಡಗು ಧಕ್ಕೆಗೆ, ಅಂದರೆ ಬಂದರಿನ ಕಟ್ಟೆಗೆ, ತಾಗಿ ನಿಂತರೆ ಗ್ಯಾಂಗ್‌ವೇ ಅನ್ನುವ ಇಳಿಜಾರು ಹಲಗೆಸೇತುವೆ ಮೇಲೆ ನಿಧಾನವಾಗಿ ನಡೆದು ಬರಬಹುದು, ಬೇಕಿದ್ದರೆ ವೀಲ್‌ಚೇರ್ ಕೇಳಬಹುದು. ಮುಂಬೈನ ಬಲ್ಲಾರ್ಡ್ ಪಿಯರ್, ಗೋವಾದ ಮರ್ಮಗೋವಾ ಎರಡೂ ಹೀಗೆ. ಲಕ್ಷದ್ವೀಪದಲ್ಲಿ ಹಾಗಿಲ್ಲ. ದ್ವೀಪದ ಸುತ್ತ ಹವಳದ ದಿಬ್ಬ, ಒಳಗಿನ ನೀರು ಆಳವಿಲ್ಲ. ಹಾಗಾಗಿ ದೊಡ್ಡ ಹಡಗು ಹೊರಗೇ ನಿಲ್ಲುತ್ತದೆ, ಜನರನ್ನು ಸಣ್ಣ ದೋಣಿಯಲ್ಲಿ ದಡಕ್ಕೆ ಒಯ್ಯುತ್ತಾರೆ. ಇದಕ್ಕೆ ಟೆಂಡರ್ ಅಂತಾರೆ.

ಆ ದೋಣಿ ಹತ್ತುವ ಒಂದು ಹೆಜ್ಜೆಯನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಹಡಗಿನ ಕೆಳಗಿನ ಬಾಗಿಲಲ್ಲಿ ನೀರಿನ ಮಟ್ಟಕ್ಕೆ ಸಮೀಪ ನಿಂತಿದ್ದೀರಿ. ಎದುರಿನ ದೋಣಿ ಅಲೆಗೆ ಒಂದು ಅಡಿ ಏರುತ್ತದೆ, ಒಂದು ಅಡಿ ಇಳಿಯುತ್ತದೆ. ನಡುವಿನ ಸಂದು ಅಗಲವಾಗುತ್ತದೆ, ಮುಚ್ಚುತ್ತದೆ. ಇಬ್ಬರು ಸಿಬ್ಬಂದಿ ಎರಡೂ ಮುಂಗೈ ಹಿಡಿದು, ದೋಣಿ ಸಮಕ್ಕೆ ಬಂದ ಕ್ಷಣದಲ್ಲಿ "ಈಗ" ಅಂತಾರೆ. ಆಗ ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ದಾಟಬೇಕು. ಮಂಡಿ ಕೈಕೊಡೋದು ಅಲ್ಲೇ. ಮರಳಿ ಬರುವಾಗಲೂ ಇದೇ ಹೆಜ್ಜೆ, ಅದೂ ಬಿಸಿಲಲ್ಲಿ ದಣಿದ ಮೇಲೆ. ಅಲೆ ಹೆಚ್ಚಿದ್ದರೆ ಕ್ಯಾಪ್ಟನ್ ಇಳಿಸುವುದನ್ನೇ ರದ್ದು ಮಾಡ್ತಾರೆ, ಆಗ ದ್ವೀಪವನ್ನು ದೂರದಿಂದ ನೋಡಿಕೊಂಡು ಬರಬೇಕು. ಇನ್ನೊಂದು ವಿಷಯ: ಓಲಾಟ ತಗ್ಗಿಸಲು ಹಡಗಿನ ಪಕ್ಕಕ್ಕಿರುವ ರೆಕ್ಕೆಗಳು ಹಡಗು ಚಲಿಸುವಾಗ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ನಿಂತ ಹಡಗು ಹೆಚ್ಚು ತೂಗುತ್ತದೆ. ಅಪ್ಪನ ಜೊತೆ ಹೋಗೋದಾದರೆ ಲಕ್ಷದ್ವೀಪ ಬೇಡ. ತಮ್ಮ ದಂಪತಿ ಬೇಕಾದರೆ ಬೇರೆಯಾಗಿ ಹೋಗಲಿ. ಭಾರತೀಯರಿಗೂ ಅಲ್ಲಿ ಪ್ರವೇಶ ಪರ್ಮಿಟ್ ಬೇಕು, ಅದನ್ನು ಟಿಕೆಟ್ ಮಾರುವವರೇ ಮಾಡಿಸುತ್ತಾರಾ ಅಂತ ಮೊದಲೇ ಕೇಳಿಕೊಳ್ಳಲಿ.

ಕೋಣೆ ವಿಷಯ. ಹಡಗು ತಕ್ಕಡಿಯ ದಂಡದ ಹಾಗೆ ತೂಗುತ್ತದೆ: ಎರಡು ತುದಿ ಹೆಚ್ಚು, ನಡು ಕಡಿಮೆ. ಮೇಲೆ ಹೋದಷ್ಟೂ ಓಲಾಟ ಜಾಸ್ತಿ. ಹಾಗಾಗಿ ಅಪ್ಪ-ಅಮ್ಮನಿಗೆ ಉದ್ದದಲ್ಲಿ ನಡುಭಾಗದ, ಎತ್ತರದಲ್ಲಿ ನಡುವಿನ ಅಥವಾ ಕೆಳಗಿನ ಡೆಕ್ಕಿನ (ಮಹಡಿಯ) ಕೋಣೆ, ಲಿಫ್ಟ್‌ನಿಂದ ನಾಲ್ಕೈದು ಬಾಗಿಲು ದೂರ. ಲಿಫ್ಟಿಗೆ ಅಂಟಿಕೊಂಡ ಕೋಣೆ ಬೇಡ, ರಾತ್ರಿಯೆಲ್ಲ ಮಾತು ಕೇಳಿಸುತ್ತದೆ. ಬುಕ್ ಮಾಡುವ ಮುಂಚೆ ಡೆಕ್ ನಕ್ಷೆ ತೆರೆದು ನಿಮ್ಮ ಕೋಣೆಯ ನೆತ್ತಿಯ ಮೇಲೆ, ಕಾಲ ಕೆಳಗೆ ಏನಿದೆ ನೋಡಿ. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು, ಕೆಳಗೆ ಡಿಸ್ಕೋ ಇದ್ದರೆ ನಡುರಾತ್ರಿ ದಾಟಿದರೂ ಢಂಢಂ. ಮೇಲೂ ಕೆಳಗೂ ಬರೀ ಕೋಣೆಗಳಿರುವ ಡೆಕ್ ಒಳ್ಳೆಯದು.

"ಗ್ಯಾರಂಟಿ ಕ್ಯಾಬಿನ್" ಅನ್ನುವ ಅಗ್ಗದ ದರಕ್ಕೆ ಮಾತ್ರ ಕೈ ಹಾಕಬೇಡಿ. ಕೋಣೆಯ ದರ್ಜೆ ಮಾತ್ರ ಗ್ಯಾರಂಟಿ, ಜಾಗ ಅವರಿಷ್ಟ. ಎಂಟು ಜನ ಮೂರು ಡೆಕ್‌ಗೆ ಚದುರುತ್ತೀರಿ.

ಮುಲುಂಡ್ ಅಮ್ಮ ಉತ್ತರ:

ಮಕ್ಕಳ ಬಗ್ಗೆ ನಾನು ಸೇರಿಸ್ತೀನಿ. ಎರಡೂವರೆ ವರ್ಷ ಅನ್ನೋದು ಕ್ರೂಸಿಗೆ ತುಂಬ ತೊಡಕಿನ ವಯಸ್ಸು. ಬಹುಪಾಲು ಹಡಗುಗಳಲ್ಲಿ ಕಿಡ್ಸ್ ಕ್ಲಬ್ ಶುರುವಾಗೋದು 3 ವರ್ಷಕ್ಕೆ, ಅದೂ ಡಯಾಪರ್ ಬಿಟ್ಟಿದ್ದರೆ ಮಾತ್ರ. ದೊಡ್ಡ ಅಂತರರಾಷ್ಟ್ರೀಯ ಹಡಗುಗಳಲ್ಲಿ ಡಯಾಪರ್ ಮಗುವನ್ನು ಮುಖ್ಯ ಈಜುಕೊಳಕ್ಕೂ ಬಿಡೋದಿಲ್ಲ, ಸ್ವಿಮ್ ಡಯಾಪರ್ ಹಾಕಿದ್ದರೂ ಅಷ್ಟೇ. ಅಂದರೆ ಮಗಳು ಕ್ಲಬ್‌ನಲ್ಲಿ ಆಡ್ತಾಳೆ, ಮಗ ಇಡೀ ದಿನ ನಿಮ್ಮ ಸೊಂಟದ ಮೇಲೆ. ಸಿಂಗಪುರದ ದೊಡ್ಡ ಹಡಗಿಗೆ ದುಡ್ಡು ಸುರಿಯೋದು ಮುಖ್ಯವಾಗಿ ಇಂಥ ಸೌಲಭ್ಯಗಳಿಗೆ. ಅದನ್ನು ಒಂದು ವರ್ಷ ಮುಂದೂಡಿದರೆ ಹಾಕಿದ ದುಡ್ಡಿಗೆ ಪೂರ್ತಿ ಬೆಲೆ ಸಿಗುತ್ತದೆ.

ನಾಲ್ವರಿಗೆ ಒಂದು ಕೋಣೆ ಅಂದರೆ ಮೂರನೆಯ, ನಾಲ್ಕನೆಯ ಹಾಸಿಗೆ ಗೋಡೆಯಿಂದ ಅಥವಾ ಚಾವಣಿಯಿಂದ ಇಳಿಸುವ ಬಂಕ್, ಏಣಿ ಹತ್ತಬೇಕು. ಮಗಳಿಗೆ ಸರಿ, ಮಗನಿಗೆ ಅಲ್ಲ. ಅವನು ಕೆಳಗೆ ನಿಮ್ಮಿಬ್ಬರ ನಡುವೆ ಮಲಗ್ತಾನೆ ಅಂತಲೇ ಲೆಕ್ಕ ಹಾಕಿ, ಅಥವಾ ತೊಟ್ಟಿಲು ಮಂಚ ಬೇಕೆಂದು ಬುಕಿಂಗ್ ದಿನವೇ ಬರೆಸಿ. ಅವನ್ನು ಹೆಚ್ಚು ಇಟ್ಟಿರೋದಿಲ್ಲ. ನಾಲ್ವರ ಕೋಣೆಗಳು ಬೇಗ ಮುಗಿಯುತ್ತವೆ. ಅದಕ್ಕೆ ಕಾರಣ ಬರೀ ಕೋಣೆಗಳ ಸಂಖ್ಯೆ ಅಲ್ಲ. ಪ್ರತಿ ಕೋಣೆಯನ್ನೂ ಒಂದು ಲೈಫ್‌ಬೋಟಿನ ಗುಂಪಿಗೆ ಸೇರಿಸಿರುತ್ತಾರೆ, ಆ ಗುಂಪಿನ ತಲೆಲೆಕ್ಕ ತುಂಬಿದರೆ ಹಾಸಿಗೆ ಖಾಲಿಯಿದ್ದರೂ ಮೂರನೆಯವರನ್ನು ಸೇರಿಸುವಂತಿಲ್ಲ. ಹಾಗಾಗಿ ಮಕ್ಕಳಿರುವವರು ಕೊನೆ ಗಳಿಗೆಯ ರಿಯಾಯಿತಿಗೆ ಕಾಯಬಾರದು.

ಹೊಸ ಜೋಡಿಗೆ: ಶುಕ್ರವಾರ ಹೊರಡುವ ಎರಡು ರಾತ್ರಿಯ ಗೋವಾ ಪ್ರಯಾಣ ಗೆಳೆಯರ ಗುಂಪು, ಕಂಪನಿ ಗುಂಪುಗಳಿಂದ ತುಂಬಿರುತ್ತದೆ. ವಾರದ ನಡುವೆ ಹೊರಡೋದು ಸಿಕ್ಕರೆ ಹಿಡೀರಿ. ಮುಂಬೈನಿಂದ ಓಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಕಟ್ಟಿದ ಹಡಗು. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಕೋಣೆ ಕಡಿಮೆ. ಬೇಕಿದ್ದರೆ ಮೊದಲು ಅದನ್ನೇ ಕಾದಿರಿಸಿ, ಉಳಿದ ಕೋಣೆ ಆಮೇಲೆ.

ಜನಜಂಗುಳಿ ಎಷ್ಟಿರುತ್ತದೆ ಅಂತ ತಿಳಿಯೋಕೆ ಒಂದು ಸುಲಭ ಲೆಕ್ಕ ಇದೆ. ಗ್ರಾಸ್ ಟನೇಜ್ ಅನ್ನೋದು ತೂಕ ಅಲ್ಲ, ಹಡಗಿನ ಒಳಗಿನ ಜಾಗದ ಅಳತೆ. ಅದನ್ನು ಕೋಣೆಗಿಬ್ಬರಂತೆ ಹಿಡಿದ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿ. ಎಂಪ್ರೆಸ್ 48,563 ಟನೇಜ್, ಸುಮಾರು 1,600 ಜನ: 30ರ ಹತ್ತಿರ. 2024ರಲ್ಲಿ ಓಡಲು ಶುರುವಾದ ಐಕಾನ್ ಆಫ್ ದ ಸೀಸ್ 2,48,663 ಟನೇಜ್, 5,610 ಜನ: 44. ಅಂದರೆ ದೊಡ್ಡ ಹಡಗಿನಲ್ಲಿ ಜನ ಜಾಸ್ತಿ ಅಂತ ಹೆದರಬೇಕಿಲ್ಲ, ತಲೆಗೆ ಸಿಗುವ ಜಾಗ ಅಲ್ಲೇ ಹೆಚ್ಚಿರಬಹುದು.

ಅಮ್ಮನ ಊಟಕ್ಕೆ "ಈರುಳ್ಳಿ ಬೇಡ" ಅಂತ ಹೇಳುವ ಬದಲು ಬುಕಿಂಗ್‌ನಲ್ಲೇ ಜೈನ ಊಟ ಅಂತ ಬರೆಸಿ. ಅಡುಗೆಮನೆಯವರಿಗೆ ಅದು ಸ್ಪಷ್ಟವಾದ ಒಂದು ಪದ. ಆಲೂಗಡ್ಡೆ, ಗಜ್ಜರಿಯೂ ಸಿಗೋದಿಲ್ಲ, ಅಷ್ಟೇ. ಏಕಾದಶಿ ಮಾಡುವವರಾದರೆ ಪಂಚಾಂಗ ನೋಡಿ ದಿನ ಗೊತ್ತುಮಾಡಿ.

ವಾಸ್ಕೋ ಧಾರವಾಡದಾಂವ ಉತ್ತರ:

ಗೋವಾದ ದಿನದ ಬಗ್ಗೆ ಯಾರೂ ಬರದಿಲ್ಲ, ನಾ ಹೇಳ್ತೀನಿ. ಮರ್ಮಗೋವಾ ಬಂದರ ಇರೋದು ವಾಸ್ಕೋದ ತುದಿಗೆ. ಜನಾ ಗೋವಾ ಅಂದ ಕೂಡ್ಲೆ ಕಲಂಗುಟ್, ಬಾಗಾ ಅಂತಾರ. ಅದು ಜುವಾರಿ ಹೊಳಿ ದಾಟಿ, ಮಾಂಡೋವಿ ಹೊಳಿ ದಾಟಿ ಆಚೀಕಡೆ, 40 ಕಿ.ಮೀ. ಮ್ಯಾಲೆ. ಪಣಜಿ ಹತ್ರ ಗಾಡಿ ನಿಂತ್ರ ಹೋಗಿ ಬರೋದ್ರಾಗೇ ದಿನಾ ಮುಗೀತದ. ಹಿರ್ಯಾರು, ಹುಡುಗ್ರು ಇದ್ರ ಬೋಗಮಾಳೊ ಬೀಚಿಗೆ ಹೋಗ್ರಿ, ಭಾಳ ದೂರಿಲ್ಲ. ದಾರಿಯಾಗ ನೌಕಾ ವಿಮಾನ ಮ್ಯೂಸಿಯಂ ಅದ, 9 ವರ್ಷದ ಹುಡುಗಿಗೆ ಖರೇನ ಇಷ್ಟ ಆಗ್ತದ, ಸೋಮವಾರ ಬಂದ್. ಓಲ್ಡ್ ಗೋವಾದ ಬಾಮ್ ಜೀಸಸ್ ಬೆಸಿಲಿಕಾ ಸುಮಾರು 30 ಕಿ.ಮೀ., ಅದೊಂದನ್ನ ಹಿಡಕೊಂಡ್ರ ಬ್ಯಾರೆ ಏನೂ ಹಚ್ಚಿಕೊಳ್ಳಬ್ಯಾಡ್ರಿ. ಊಬರ್, ಓಲಾ ಗೋವಾದಾಗ ಇಲ್ಲ. ಗಾಡಿ ಮೊದ್ಲ ಮಾತಾಡಿ ಇಟ್ಕೊಳ್ರಿ.

ಹಡಗಿನ ಕಾಗದದಾಗ "ಆಲ್ ಅಬೋರ್ಡ್" ಅಂತ ಟೈಮ್ ಇರ್ತದ, ಹೊರಡೋದಕ್ಕಿಂತ ಅರ್ಧ ತಾಸು, ಒಂದು ತಾಸು ಮೊದ್ಲ. ನಿಮ್ಮ ಗಾಡಿಯೊಳಗ ಹೋಗಿ ತಡಾ ಮಾಡಿದ್ರ ಹಡಗ ಕಾಯೂದಿಲ್ಲ. ಹಡಗಿನವರ ಟೂರ್ ತಡಾ ಆದ್ರ ಕಾಯ್ತಾರ.

ಇನ್ನೊಂದು ದಾರಿ ಅದ. ಮುಂಬೈ–ಗೋವಾ ಒಂದೇ ಕಡೆ ಟಿಕೆಟ್ ಕೆಲವು ತಾರೀಖಿಗೆ ಸಿಗ್ತದ. ಒಂದು ರಾತ್ರಿ ಸಮುದ್ರ, ಆಮ್ಯಾಲೆ ಇಲ್ಲೆ ಎರಡು ದಿನ ನಿಂತು ವಾಸ್ಕೋದಿಂದ ಗೋವಾ ಎಕ್ಸ್‌ಪ್ರೆಸ್ ಹತ್ತಿದ್ರ ದೂಧಸಾಗರ, ಲೋಂಡಾ, ಬೆಳಗಾವಿ, ಮಿರಜ್ ಮ್ಯಾಲೆ ಸೀದಾ ಪುಣೆಗೇ ಇಳೀತೀರಿ. ಮೊದಲ ಸಲ ಹಡಗ ಹತ್ತೋ ಹಿರ್ಯಾರಿಗೆ ಇದಕ್ಕಿಂತ ಛಲೋ ಪ್ಲ್ಯಾನ್ ನನಗೇನೂ ಕಾಣೂದಿಲ್ಲ.

ನೆಟ್‌ನಾಗ "ಗೋವಾ ಕ್ರೂಸ್" ಅಂತ ಹುಡುಕಬ್ಯಾಡ್ರಿ. ಬರೋದೆಲ್ಲ ಪಣಜಿಯ ಸಾಂತಾ ಮೋನಿಕಾ ಜೆಟ್ಟಿಯಿಂದ ಒಂದು ತಾಸಿನ ಮಾಂಡೋವಿ ದೋಣಿ, ಇಲ್ಲಾ ಕ್ಯಾಸಿನೊ. ಸಮುದ್ರದ ಹಡಗಿಗೂ ಅದಕ್ಕೂ ಸಂಬಂಧ ಇಲ್ಲ.

ಕೋಥ್ರೂಡ್ ಕನ್ನಡಿಗ:

ತುಂಬ ಉಪಕಾರ. ಒಂದು ಕಡೆ ಹಡಗು, ಒಂದು ಕಡೆ ರೈಲು ಮನಸ್ಸಿಗೆ ಹಿಡಿಸಿತು. ತಲೆಸುತ್ತು, ವಾಂತಿಗೆ ಏನು ತಯಾರಿ? ಮೇ ತಿಂಗಳು ನಡೆಯುತ್ತದಾ?

ಡೊಂಬಿವಲಿ ಡೆಕ್:

ಮೇ ಬೇಡ. ತಿಂಗಳ ಕೊನೆಗೆ ಮುಂಗಾರಿನ ಮುನ್ಸೂಚನೆಯ ಅಲೆ ಏಳೋಕೆ ಶುರು, ತೌಕ್ತೆ ಚಂಡಮಾರುತ ಬಂದದ್ದೂ 2021ರ ಮೇನಲ್ಲೇ. ಜೂನ್‌ನಿಂದ ಸೆಪ್ಟೆಂಬರ್ ಈ ಕರಾವಳಿಯಲ್ಲಿ ಸಮುದ್ರ ಒರಟು. ದೀಪಾವಳಿ ಹೊತ್ತಿಗೆ ಇಳಿದಿರುತ್ತದೆ, ಆದರೆ ಅಕ್ಟೋಬರ್–ನವೆಂಬರ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳಬಹುದು, ಆದ್ದರಿಂದ ರದ್ದತಿಯ ನಿಯಮ ಓದಿ ದುಡ್ಡು ಕಟ್ಟಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಶಾಂತ. ಹೊರಡುವ ವಾರ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆ ಮುನ್ಸೂಚನೆ ನೋಡಿ. ಒಂದು ಮೀಟರ್ ಒಳಗಿದ್ದರೆ ದೊಡ್ಡ ಹಡಗಿನಲ್ಲಿ ಹೆಚ್ಚೇನೂ ಗೊತ್ತಾಗದು, ಎರಡೂವರೆ ದಾಟಿದರೆ ಗೊತ್ತಾಗುತ್ತದೆ.

ಮಾತ್ರೆ ವಾಂತಿ ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲೋದಿಲ್ಲ. ಹೊರಡುವ ಒಂದೆರಡು ತಾಸು ಮುಂಚೆಯೇ ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಅವೊಮಿನ್ ನಿದ್ದೆ ತರಿಸುತ್ತದೆ. ವಯಸ್ಸಾದವರಿಗೆ ಮಂಪರು, ತಲೆ ಗೊಂದಲ ಆಗಬಹುದು, ಪ್ರಾಸ್ಟೇಟ್ ತೊಂದರೆಯಿದ್ದರೆ ಮೂತ್ರ ಕಟ್ಟಬಹುದು. ಅಪ್ಪನ ಬಿಪಿ ಚೀಟಿ ಹಿಡಿದು ಡಾಕ್ಟರನ್ನು ಕೇಳದೆ ಕೊಡಬೇಡಿ, ಮಗುವಿಗಂತೂ ಮಕ್ಕಳ ವೈದ್ಯರನ್ನು ಕೇಳದೆ ಬೇಡವೇ ಬೇಡ. ಹೊಟ್ಟೆ ಖಾಲಿ ಬಿಡದೆ ಒಣ ಚಪಾತಿ, ಬಿಸ್ಕತ್ತು ತಿಂದುಕೊಂಡು, ಹೊರಗೆ ಗಾಳಿಯಲ್ಲಿ ದಿಗಂತ ನೋಡ್ತಾ ನಿಂತರೆ ಅರ್ಧ ಕಡಿಮೆ.

ಮಾಟುಂಗಾ ಓದುಗಿ:

ಇದೇ ಜಾಗದಲ್ಲಿ ಕೇಳ್ತೀನಿ. ಒಬ್ಬಳೇ ಅಲಾಸ್ಕಾಕ್ಕೆ ಹೋಗುವ ಯೋಚನೆ. ಸಿಯಾಟಲ್‌ನಿಂದ ಹೊರಡುವ ಹಡಗು ಹಿಡಿದರೆ ಅಮೆರಿಕದ ವೀಸಾ ಒಂದೇ ಸಾಕಲ್ಲವೇ?

ಮುಲುಂಡ್ ಅಮ್ಮ:

ಸಾಲದು, ಹೆಚ್ಚಿನವರು ಎಡವೋದು ಇಲ್ಲೇ. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ: ವಿದೇಶಿ ಧ್ವಜದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಜನ ಸಾಗಿಸುವಂತಿಲ್ಲ. ಅದಕ್ಕೇ ಸಿಯಾಟಲ್ ಹಡಗುಗಳು ಕೆನಡಾದ ವಿಕ್ಟೋರಿಯಾದಂಥ ಊರಲ್ಲಿ ಕೆಲವು ತಾಸು ನಿಲ್ಲುತ್ತವೆ. ಭಾರತದ ಪಾಸ್‌ಪೋರ್ಟಿಗೆ ಕೆನಡಾ ವೀಸಾನೂ ಬೇಕು, ಇಲ್ಲದಿದ್ದರೆ ಹತ್ತಿಸಿಕೊಳ್ಳದೇ ಇರಬಹುದು. ವ್ಯಾಂಕೂವರ್‌ನಿಂದ ಹೊರಟರೂ ಎರಡೂ ಬೇಕು. ಮೊದಲು ವೀಸಾ, ಆಮೇಲೆ ಹಡಗು.

ಒಂಟಿಯಾಗಿ ಹೋದರೆ ದರ ಇಬ್ಬರ ಲೆಕ್ಕದ್ದು, ಒಬ್ಬರಿಗೆ ಒಂದೂವರೆ ಪಟ್ಟಿನಿಂದ ಎರಡು ಪಟ್ಟು. ಒಬ್ಬರಿಗೆಂದೇ ಮಾಡಿದ ಸ್ಟುಡಿಯೋ ಕೋಣೆಗಳು ನಾರ್ವೇಜಿಯನ್ ಎಪಿಕ್ ಹಡಗಿನಲ್ಲಿ 2010ರಲ್ಲಿ ಬಂದವು, ಅಲಾಸ್ಕಾಕ್ಕೆ ಹೋಗಿಬರುವ ನಾರ್ವೇಜಿಯನ್ ಬ್ಲಿಸ್‌ನಲ್ಲೂ ಇವೆ. ಸುಮಾರು 100 ಚದರಡಿ, ಚಿಕ್ಕದೇ. ಬೇಗ ಮುಗಿಯುತ್ತವೆ. ಅಲಾಸ್ಕಾದ ಹಿಮನದಿಗಳ ಕೊಲ್ಲಿ ಗ್ಲೇಸಿಯರ್ ಬೇ ನೋಡಲೇಬೇಕಿದ್ದರೆ ಹಡಗು ಹೋಗುವ ಜಾಗಗಳ ಪಟ್ಟಿಯಲ್ಲಿ ಆ ಹೆಸರು ಇದೆಯಾ ನೋಡಿ. ದಿನಕ್ಕೆ ಎರಡೇ ದೊಡ್ಡ ಹಡಗಿಗೆ ಒಳಗೆ ಬಿಡ್ತಾರೆ, ಉಳಿದವು ಬೇರೆ ಹಿಮನದಿಗೆ ಹೋಗುತ್ತವೆ. ಇನ್ನೊಂದು ಖರ್ಚು: ಅಮೆರಿಕದ ಕಂಪನಿಗಳು ಟಿಪ್ಸ್ ಅಂತ ದಿನಕ್ಕೆ ತಲೆಗೆ 16ರಿಂದ 20 ಡಾಲರ್ ಬಿಲ್ಲಿಗೆ ಸೇರಿಸುತ್ತವೆ.

ಡೊಂಬಿವಲಿ ಡೆಕ್:

ಕೋಥ್ರೂಡ್‌ನವರಿಗೆ ಕೊನೆಯದಾಗಿ. ದೇಶದೊಳಗಿನ ಪ್ರಯಾಣಕ್ಕೆ ಪಾಸ್‌ಪೋರ್ಟ್ ಬೇಡ, ಆದರೆ ಮಗುವಿಗೂ ಸೇರಿ ಎಂಟೂ ಜನರ ಮೂಲ ಗುರುತಿನ ಚೀಟಿ ಇಟ್ಟುಕೊಳ್ಳಿ. ಟಿಕೆಟ್‌ನಲ್ಲಿನ ಹೆಸರು ಆಧಾರ್‌ನಲ್ಲಿ ಇರುವ ಹಾಗೆಯೇ ಇರಲಿ. ತಮ್ಮನ ಹೆಂಡತಿಯ ಹೆಸರು ಮದುವೆಯಾದ ಮೇಲೆ ಬದಲಾಗಿದೆಯಾ ನೋಡಿ. ಡೆಕ್ಕನ್ ಕ್ವೀನ್ ರೈಲು ಬೆಳಿಗ್ಗೆ 7:15ಕ್ಕೆ ಪುಣೆ ಬಿಟ್ಟು 10:25ಕ್ಕೆ ಮುಂಬೈನ ಸಿಎಸ್‌ಎಂಟಿ ನಿಲ್ದಾಣ ಮುಟ್ಟುತ್ತದೆ, ಅಲ್ಲಿಂದ ಬಲ್ಲಾರ್ಡ್ ಪಿಯರ್ ಟ್ಯಾಕ್ಸಿಯಲ್ಲಿ ಹತ್ತಿರ. ದೊಡ್ಡ ಬ್ಯಾಗ್ ಒಪ್ಪಿಸಿದರೆ ಕೋಣೆಗೆ ಬರೋದು ಕೆಲವು ತಾಸು ಬಿಟ್ಟು. ಅಪ್ಪನ ಬಿಪಿ ಮಾತ್ರೆ, ಮಗುವಿನ ಡಯಾಪರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ, ಕೆಟಲ್ ಒಯ್ಯಬೇಡಿ, ತಪಾಸಣೆಯಲ್ಲೇ ತೆಗೆದಿಡ್ತಾರೆ. ಹಡಗು ಹೊರಟ ಮೇಲೆ ಎಲ್ಲರ ಫೋನೂ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ದಡದ ಸಿಗ್ನಲ್ ಹೋದಾಗ ಫೋನು ತಾನೇ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿದರೆ ಬಿಲ್ ಬಹಳ ದೊಡ್ಡದಾಗುತ್ತದೆ.