ಸಹಾಯ ಬೇಕು: ಕ್ಯಾಲ್ಸಿಯಂ ಕ್ಲೋರೈಡ್ ಯಾಕೆ ಸರಿಯಾಗಿ ಬಿಸಿ ಕೊಡ್ತಿಲ್ಲ?

100 ಮಿ.ಲೀ. ನೀರಿಗೆ 11.1 ಗ್ರಾಂ ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದ್ರೆ ಲೆಕ್ಕದ ಪ್ರಕಾರ ಸುಮಾರು 17 ಡಿಗ್ರಿ ಏರಬೇಕು. ಮೂರು ಸಲವೂ ಏರಿದ್ದು 7 ಮಾತ್ರ. ಒಂದರೊಳಗೊಂದು ಎರಡು ಥರ್ಮಾಕೋಲ್ ಲೋಟ ಇಟ್ಟು, ಮುಚ್ಚಳ ಹಾಕಿ, ಬಿಡದೆ ಕಲಕಿದ್ದೂ ಆಯ್ತು. ಅದೇ ಲೋಟದಲ್ಲಿ 4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಸರಿಯಾಗಿ 10 ಡಿಗ್ರಿ ಏರಿಸಿದೆ, ಹಾಗಾಗಿ ಶಾಖ ಸೋರ್ತಿದೆ ಅನ್ನೋ ಹಾಗಿಲ್ಲ.

ಈ ಕ್ಯಾಲ್ಸಿಯಂ ಕ್ಲೋರೈಡೇ ಗಾಳಿಯ ತೇವ ಹೀರಿರಬೇಕು ಅಂತ ಅನುಮಾನ. ನಿರ್ಜಲ ರೂಪ ಕರಗೋದು ಬಹಿರುಷ್ಣಕ, ಅಂದ್ರೆ ಶಾಖ ಹೊರಬರುತ್ತೆ. ಆರು ನೀರಿನ ಅಣು ಸೇರಿದ ಹರಳು ಕರಗೋದು ಅಂತರುಷ್ಣಕ, ಲೋಟ ತಣ್ಣಗಾಗುತ್ತೆ! ನೀರು ಅಂಟುವಾಗ ಬರಬೇಕಾದ ಶಾಖದ ಬಹುಪಾಲು ಅಲ್ಲಿ ಮೊದಲೇ ಹೋಗಿರುತ್ತೆ.

ಒಣಗಿಸೋಣ ಅಂದ್ರೆ, ತೀರಾ ಕಾಯಿಸಿದರೆ ಸ್ವಲ್ಪ ಹೈಡ್ರೋಜನ್ ಕ್ಲೋರೈಡ್ ಹೋಗಿ ಪ್ರತ್ಯಾಮ್ಲೀಯ (ಕ್ಷಾರ ಗುಣದ) ಕಲ್ಮಶ ಉಳಿಯುತ್ತೆ. ಎಷ್ಟು ಡಿಗ್ರಿಯಲ್ಲಿ, ಎಷ್ಟು ಹೊತ್ತು ಇಟ್ಟರೆ ನೀರು ಮಾತ್ರ ಹೋಗುತ್ತೆ?