ಅರಾಕ್ನಾಯ್ಡೈಟಿಸ್ (ಬೆನ್ನೊಳಗೆ ನರದ ಪೊರೆ ಊದಿ ನರಗಳು ಅಂಟ್ಕೊಳ್ಳೋ ಕಾಯಿಲೆ) ಇರೋರು ಯಾರಾದ್ರೂ ಇದ್ದೀರಾ? ಸ್ಟಿಮ್ಯುಲೇಟರ್ (ನೋವು ತಗ್ಗಿಸೋಕೆ ಬೆನ್ನೊಳಗೆ ಕೂರಿಸಿ ಸಣ್ಣಗೆ ಕರೆಂಟ್ ಕೊಡೋ ಮಿಷಿನ್) ಹಾಕಿಸ್ಲಾ ಬೇಡ್ವಾ, ಅನುಭವ ಹೇಳಿ

ತುಮಕೂರು ಲೇತ್: 2022ರಲ್ಲಿ ಸೊಂಟದ ಹತ್ರ ಎಲ್4-ಎಲ್5 ಡಿಸ್ಕ್ (ಬೆನ್ನುಮೂಳೆಗಳ ಮಧ್ಯದ ಮೆತ್ತೆ) ಆಪರೇಷನ್ ಆಯ್ತು, ಆರು ತಿಂಗಳು ಆರಾಮಾಗಿದ್ದೆ. ಆಮೇಲಿಂದ ಎರಡೂ ಪಾದ ಕಾದ ಹಂಚಿನ ಮೇಲಿಟ್ಟ ಹಾಗೆ ಉರಿ, ಕೂತ್ರಂತೂ ತೊಡೆ ಹಿಂದೆ ಕರೆಂಟ್ ಹೊಡೆಯುತ್ತೆ. ಈಗಿನ ಎಂಆರ್‌ಐನಲ್ಲಿ ನರಗಳು ಗುಂಪಾಗಿ ಅಂಟ್ಕೊಂಡಿವೆ ಅಂತ ಬಂದಿದೆ. ನರದ ನೋವಿನ ಮಾತ್ರೆ ಪ್ರೀಗ್ಯಾಬಲಿನ್ 75 ಎರಡು ಹೊತ್ತು ನಡೀತಿದೆ. ಒಬ್ರು ಡಾಕ್ಟ್ರು ಡೋಸ್ ಏರಿಸೋಣ ಅಂತಾರೆ, ಇನ್ನೊಬ್ರು ಸ್ಟಿಮ್ಯುಲೇಟರ್ ಅಂತಾರೆ. ವಯಸ್ಸು 34, ದಿನವಿಡೀ ನಿಂತು ಮಾಡೋ ಕೆಲಸ.

ಬೆನ್ನಲ್ಲಿ ಬ್ಯಾಟರಿ: ಹಾಕಿಸ್ಕೊಳ್ಳಿ ಅಂತಾನೇ ಹೇಳ್ತೀನಿ, ನಂದು ಹಾಕಿ ಮೂರು ವರ್ಷ ಆಯ್ತು. ಮೊದ್ಲು ಟ್ರಯಲ್, ವಯರ್ ಬೆನ್ನೊಳಗೆ, ಮಿಷಿನ್ ಹೊರಗೆ ಸೊಂಟಕ್ಕೆ ಕಟ್ಕೊಂಡು ಏಳು ದಿನ ಓಡಾಡ್ಬೇಕು, ನೋವು ಅರ್ಧಕ್ಕಾದ್ರೂ ಇಳಿದ್ರೆ ಮಾತ್ರ ಪರ್ಮನೆಂಟ್ ಹಾಕೋದು. ಟ್ರಯಲ್‌ಗೆ 2 ಲಕ್ಷದ 35 ಸಾವಿರ, ಪರ್ಮನೆಂಟ್‌ಗೆ 8 ಲಕ್ಷದ 90, ರೂಮು ಔಷಧಿ ಜೊತೆಗಿದ್ದ ತಂಗಿ ಊಟ ಎಲ್ಲಾ ಸೇರಿ 41 ಸಾವಿರ. ಇನ್ಶೂರೆನ್ಸ್‌ನೋರು ಟ್ರಯಲ್ ಅಂದ್ರೆ ಏನೋ ಪ್ರಯೋಗ ಮಾಡ್ತಿದ್ದಾರೆ ಅಂತ ರಿಜೆಕ್ಟ್ ಮಾಡಿದ್ರು!! ಏಳು ಮೇಲ್, ಆಮೇಲೆ ಓಂಬುಡ್ಸ್‌ಮನ್‌ಗೆ (ಇನ್ಶೂರೆನ್ಸ್ ಮೇಲಿನ ದೂರು ಕೇಳೋ ಅಧಿಕಾರಿ) ಬರೆದು ಕೊನೆಗೆ 4 ಲಕ್ಷ ಬಂತು. ಹನ್ನೊಂದನೇ ತಿಂಗಳಿಗೆ ವಯರ್ ಜರುಗಿ ಕಾಲಿಗೆ ಬರ್ಬೇಕಾದ ಜುಮುಜುಮು ಪಕ್ಕೆಗೆ ಹೊಡೀತಿತ್ತು, ಅದನ್ನ ಸರಿ ಮಾಡ್ಸೋಕೆ ಇನ್ನೊಂದು 1 ಲಕ್ಷದ 60. ಆದ್ರೆ ಹತ್ತಕ್ಕೆ ಒಂಬತ್ತಿದ್ದ ನೋವು ನಾಲ್ಕಾಗಿದೆ. ಮಗಳ ಮದುವೇಲಿ ಧಾರೆ ಮುಗಿಯೋವರ್ಗೂ ಕೂತಿದ್ದೆ.

ಧಾರವಾಡ ಮಂದಿ: ಹಂಗಂದ್ರ ಹೊಲ ಮಾರ್ರಿ ಅಂತೀರೇನು ಅಕ್ಕಾರ? ನಂದೂ ಕೇಳ್ರಿ. ಮೊದಲನೇ ಆಪರೇಷನ್ ಆದಮ್ಯಾಲೆ ಇದ ಉರಿ ಚಾಲೂ ಆತು. ಅಂಟಿದ್ದು ಬಿಡಸ್ತೀವಿ ಅಂದ್ರು, ಹೆಂಡತಿ ಬಂಗಾರ ಬ್ಯಾಂಕಿನ್ಯಾಗ ಇಟ್ಟು 2 ಲಕ್ಷದ 75 ಸಾವಿರ ಕೊಟ್ಟು ಎರಡನೇ ಸಲ ಕೊಯ್ಸಿಕೊಂಡೆ. ಎರಡ ತಿಂಗಳಿಗೆ ಮತ್ತ ಅಂಟ್ತು. ಮೊದಲ ಎರಡ ಬೆರಳಷ್ಟ ಜೋಮು ಇತ್ತು, ಈಗ ಮೊಣಕಾಲ ತನಕ. ಆಮ್ಯಾಲೆ ಬೆನ್ನಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಮೂರು, ಒಂದಕ್ಕ 14 ಸಾವಿರ, ಮೊದಲನೇದು ಹದಿನೈದು ದಿನ ತಡೀತು, ಎರಡನೇದು ನಾಕು ದಿನ, ಮೂರನೇದು ಮನಿಗೆ ಬರೂದ್ರಾಗ ಹೋತು. ಒಂದ ರಾತ್ರಿ ಒಂದಕ್ಕ ಕಟ್ಟಿತು, ಕುಂಡಿ ಸುತ್ತ ಮುಟ್ಟಿದ್ರ ಗೊತ್ತಾಗವಲ್ಲದು, ಮುಂಜಾನೆ ಹೋದ್ರಾತು ಅಂತ ಕುಂತೆ. ಅದಕ್ಕ ಇವತ್ತಿಗೂ ಪೈಪ್ ಹಾಕಿ ತಗೀಬೇಕು ನಾನು. ರಾತ್ರಿ ನೋವಿಗಂತ ಅಮಿಟ್ರಿಪ್ಟಿಲಿನ್ 10 ಇತ್ತು, ಅದು ಇನ್ನೂ ಕಟ್ಟಸ್ತದ ಅಂತ ಬಿಡಿಸ್ಯಾರ. ಈಗ ನರದ ನೋವಿಗೆ ಗ್ಯಾಬಾಪೆಂಟಿನ್ 300 ಮೂರು ಹೊತ್ತು, ಹೊಲದಾಗ ನಡಿಗಿ, ಇಷ್ಟ.

ಬೆನ್ನಲ್ಲಿ ಬ್ಯಾಟರಿ: ಹೊಲ ಮಾರಿ ಅಂತ ನಾನೆಲ್ಲಂದೆ? ನಾನು ಪಿಎಫ್ ತೆಗೆದಿದ್ದು, ನಿಮ್ಮತ್ರ ಕೇಳಿರ್ಲಿಲ್ಲ.

ಉಡುಪಿ ಶೆಟ್ರು: ನಂಗೆ ಆಪರೇಷನ್ನೂ ಇಲ್ಲ ಬ್ಯಾಟರಿಯೂ ಇಲ್ಲ ಮಾರಾಯ್ರೆ. ಕಟಿಬಸ್ತಿ (ಸೊಂಟದ ಮೇಲೆ ಬಿಸಿ ಎಣ್ಣೆ ನಿಲ್ಲಿಸುವ ಆಯುರ್ವೇದ ಚಿಕಿತ್ಸೆ) 14 ದಿನ, ದಿನಕ್ಕೆ 900, ಎಣ್ಣೆ ಬೇರೆ. ಡಿಸ್ಕ್ ಉಬ್ಬಿದ್ದು, ಬಲ್ಜ್ ಅಂತಾರಲ್ಲ, ಅದು ಇದ್ದದ್ದು, ಈಗ ಬೈಕಲ್ಲಿ ಕುಂದಾಪುರಕ್ಕೆ ಹೋಗಿ ಬರ್ತೇನೆ. ನೀವೆಲ್ಲ ಅವಸರ ಮಾಡಿದ್ದು ಅಷ್ಟೆ.

ಸಾಗರದಿಂದ: ಅವಸರ ಅಂತೆ! ಬಲ್ಜ್ ಬೇರೆ, ನರ ಅಂಟೋದು ಬೇರೆ ಸ್ವಾಮಿ, ಹೊರಗಿಂದ ಎಣ್ಣೆ ಹೊಯ್ದ್ರೆ ಪೊರೆಯೊಳಗೆ ಅಂಟಿದ್ದು ಬಿಡುತ್ತಾ? ನಂಗೂ ಆಪರೇಷನ್ ಆಗಿಲ್ಲ, 2019ರಲ್ಲಿ ಮೆದುಳು ಪೊರೆಗೆ ಟಿಬಿ. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ತಲೆನೋವು ಹೋಯ್ತು, ಕಾಲು ಹಿಡ್ಕಳ್ತು, ಬೆನ್ನೊಳಗೆ ಕೀವಿನಂಥ ರಸ ಕಟ್ಟಿ ನರ ಎಲ್ಲಾ ಅಂಟಿಸಿತ್ತು. ಟಿಬಿ ಮಾತ್ರೆ ಸರ್ಕಾರದ್ದು ಫ್ರೀ, ಊಟಕ್ಕೆ ಅಂತ ಆಗ ತಿಂಗಳಿಗೆ 500 ಅಕೌಂಟಿಗೆ ಬರ್ತಿತ್ತು (ಈಗ 1000 ಮಾಡಿದಾರೆ), ಆದ್ರೆ ಈ ನೋವಿನ ಮಾತ್ರೆ ನಮ್ಮ ಜೇಬಿಂದೇ. ಪ್ರೀಗ್ಯಾಬಲಿನ್ 300ವರ್ಗೂ ಏರಿಸಿದ್ರು, 11 ಕೆಜಿ ದಪ್ಪ ಆದೆ, ಪಾದ ಊದಿ ಚಪ್ಪಲಿ ನಂಬರ್ ಬದಲಾಯ್ತು, ತೋಟದಲ್ಲಿ ತಲೆ ತಿರುಗಿ ಬಿದ್ದೆ. ಸಿಟ್ಟಲ್ಲಿ ಒಂದೇ ದಿನ ನಿಲ್ಸಿಬಿಟ್ಟೆ, ಆ ತಪ್ಪು ಮಾಡ್ಬೇಡಿ, ಮೂರು ರಾತ್ರಿ ನಿದ್ದೆ ಇಲ್ಲ ಬರೀ ಬೆವರು. ಈಗ ಪ್ರೀಗ್ಯಾಬಲಿನ್ 75 ಮತ್ತೆ ನರದ ನೋವಿಗೇ ಕೊಡೋ ಡುಲೋಕ್ಸೆಟಿನ್ 30. ಮೆಡಿಕಲ್ ಸ್ಟೋರಲ್ಲಿ ತಿಂಗಳಿಗೆ 1150 ಸುಲೀತಿದ್ರು, ಜನೌಷಧೀಲಿ 300 ದಾಟಲ್ಲ.

ಮೆಡಿಕಲ್ ಇಟ್ಟೋನು: ಸುಲಿಗೆ ಅಂದ್ರೆ ಏನರ್ಥ? ಡಾಕ್ಟ್ರು ಬ್ರಾಂಡ್ ಬರೀತಾರೆ, ಎಂಆರ್‌ಪಿ ಕಂಪನಿ ಹಾಕುತ್ತೆ, ಬೈಸ್ಕೊಳ್ಳೋದು ಅಂಗಡೀಲಿ ಕೂತೋನು. ಪ್ರೀಗ್ಯಾಬಲಿನ್‌ನ ನಶೆಗೆ ನುಂಗೋ ಹುಡುಗ್ರು ಚೀಟಿ ಇಲ್ದೆ ಕೊಡು ಅಂತ ರಾತ್ರಿ ಹತ್ತಕ್ಕೆ ಬಂದು ಜಗಳ ಆಡ್ತಾರೆ, ಕೌಂಟರ್ ಗಾಜು ಒಡೆದಿದ್ರು, 6,800 ಆಯ್ತು.

ಸಾಗರದಿಂದ: ನಿಮ್ಮ ಗಾಜಿಗೂ ನನ್ನ 1150ಕ್ಕೂ ಏನ್ ಸಂಬಂಧ?

ಉಡುಪಿ ಶೆಟ್ರು: ಎಣ್ಣೆ ಬಗ್ಗೆ ಗೊತ್ತಿಲ್ಲದೆ ಮಾತಾಡ್ಬೇಡಿ ಅಂತ ಮೊದ್ಲೇ ಹೇಳ್ತೇನೆ.

ತುಮಕೂರು ಲೇತ್: ಬ್ಯಾಟರಿ ಅಕ್ಕ, ಅದು ಇದ್ರೆ ಆಮೇಲೆ ಎಂಆರ್‌ಐ ಮಾಡಿಸ್ಬೋದಾ? ಬಗ್ಗಿ ಜಾಬ್ (ಲೇತ್ ಮಿಷಿನ್‌ಗೆ ಹಾಕೋ ಲೋಹದ ತುಂಡು) ಎತ್ತಿದ್ರೆ ವಯರ್ ಜರುಗುತ್ತಾ?

ಬೆನ್ನಲ್ಲಿ ಬ್ಯಾಟರಿ: ಎಂಆರ್‌ಐ ಆಗುತ್ತೋ ಇಲ್ವೋ ಅನ್ನೋದು ಬೆನ್ನಿಗೆ ಹಾಕೋ ಮಿಷಿನ್ ಮಾಡೆಲ್ ಮೇಲೆ ಹೋಗುತ್ತೆ, ಹಾಕ್ಸೋಕೆ ಮುಂಚೆನೇ ಬರೆಸ್ಕೊಳ್ಳಿ. ಮೊದಲ ಎರಡು ತಿಂಗಳು ಬಗ್ಗೋಕೇ ಬಿಟ್ಟಿರ್ಲಿಲ್ಲ ನನ್ನ. ನಂದು ಜರುಗಿದ್ದು ಹನ್ನೊಂದನೇ ತಿಂಗಳಲ್ಲಿ, ಗ್ಯಾಸ್ ಸಿಲಿಂಡರ್ ಎಳೆಯೋಕೆ ಹೋಗಿ.

ಧಾರವಾಡ ಮಂದಿ: ಹನ್ನೊಂದು ಲಕ್ಷದ ಮಿಷಿನ್ ಹಾಕ್ಕೊಂಡು ಸಿಲಿಂಡರ್ ನೀವ್ಯಾಕ ಎಳೀತೀರಿ ಅಕ್ಕಾರ?

ಬೆನ್ನಲ್ಲಿ ಬ್ಯಾಟರಿ: ಮನೇಲಿ ಎಳೆಯೋರು ಇನ್ಯಾರೂ ಇಲ್ಲ, ಅದಕ್ಕೆ.